ಹಾಲಂಡೇಸ್ ಒಡೆಯಲು ಐದು ಕಾರಣಗಳು

ಗೋಕಾಕ: ಹೊರಡುವ ಮುನ್ನ

ಹಾಲಂಡೇಸ್ ಸಾಸ್ ಒಡೆದುಹೋಗಲು ಐದು ಕಾರಣಗಳನ್ನು ಬರೆಯಿರಿ. ಐದು ಅಂಕ.

ಗೋಕಾಕದ ಒಂದು ಖಾಸಗಿ ಕೇಟರಿಂಗ್ ಕೋರ್ಸಿನಲ್ಲಿ ಇಪ್ಪತ್ತೆಂಟು ವರ್ಷ ನಾನು ಈ ಪ್ರಶ್ನೆ ಕೇಳಿದ್ದೇನೆ. ಉತ್ತರವನ್ನೂ ನಾನೇ ಬರೆಸಿದ್ದೇನೆ. ಉರಿ ಹೆಚ್ಚಾಗುವುದು, ಬೆಣ್ಣೆಯನ್ನು ಒಮ್ಮೆಲೇ ಸುರಿಯುವುದು, ಬೆಣ್ಣೆ ಮಿತಿ ಮೀರುವುದು, ಕಲಕುವ ಕೈ ನಿಲ್ಲುವುದು, ಮಾಡಿಟ್ಟ ಸಾಸನ್ನು ಮತ್ತೆ ಕಾಯಿಸುವುದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹಾಲಂಡೇಸನ್ನು ಮಾತ್ರ ನಾನು ಕಂಡಿರಲಿಲ್ಲ. ಮೂಸಿರಲಿಲ್ಲ, ಮುಟ್ಟಿರಲಿಲ್ಲ, ತಿನ್ನುವ ಮಾತಂತೂ ದೂರ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೆ ಗೊತ್ತಿದ್ದಷ್ಟೇ. ಮೊಟ್ಟೆಯ ಹಳದಿಗೆ ಕಾಸಿದ ಬೆಣ್ಣೆಯನ್ನು ಹನಿಹನಿಯಾಗಿ ಬೆರೆಸಿ, ನಿಂಬೆ ಹಿಂಡಿ ಮಾಡುವ ಸಾಸ್ ಇದು. ಸಿಪ್ಪೆ ಒಡೆದು ಬಿಸಿ ನೀರಿಗೆ ಬಿಟ್ಟು, ಒಳಗೆ ಮೆತ್ತಗೇ ಉಳಿಯುವಂತೆ ಬೇಯಿಸಿದ ಮೊಟ್ಟೆಯ ಮೇಲೆ ಅದನ್ನು ಸುರಿಯುತ್ತಾರೆ. ಸಮುದ್ರದ ಬಾಜೂ ಇರುವವರು ಮೊಟ್ಟೆಯ ಕೆಳಗೆ ಏಡಿ ಮಾಂಸದ ಟಿಕ್ಕಿಯನ್ನೂ ಇಡುತ್ತಾರೆ. ನಾಷ್ಟಾಕ್ಕೆ ತಡ, ಊಟಕ್ಕೆ ಬೇಗ ಎನ್ನುವ ಹೊತ್ತಿನಲ್ಲಿ ತಿನ್ನುವುದರಿಂದ ಅದಕ್ಕೆ ಬ್ರಂಚ್ ಎಂದು ಹೆಸರು. ನಮ್ಮೂರಾದ ಹುಕ್ಕೇರಿಯಲ್ಲಿ ನಾವು ಹತ್ತೂವರೆಗೆ ರೊಟ್ಟಿ ಉಣ್ಣುತ್ತೇವೆ. ಅದಕ್ಕೆ ಹೆಸರಿಡಬೇಕೆಂದು ಯಾರಿಗೂ ಹೊಳೆದಿಲ್ಲ.

ನಮ್ಮ ಸಂಸ್ಥೆಯ ಆಡಳಿತ ಮಂಡಳಿ ಶುದ್ಧ ಶಾಕಾಹಾರಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನೂ ಶಾಕಾಹಾರಿ. ಸಿಲೆಬಸ್ಸು ಮಾತ್ರ ಮಾಂಸಾಹಾರಿ. ಮೊಟ್ಟೆ ಗೇಟು ದಾಟಿ ಒಳಗೆ ಬರುವಂತಿಲ್ಲ, ಪ್ರಾಕ್ಟಿಕಲ್ ಪರೀಕ್ಷೆ ಬಿಡುವಂತಿಲ್ಲ. ಹಾಗಾಗಿ ನಾನು ಗೋದಿಹಿಟ್ಟಿನ ಕಡಬನ್ನು ಕುದಿಯುವ ನೀರಿಗೆ ಬಿಡಿಸಿ, "ಇದು ತತ್ತಿ ಅಂತ ತಿಳ್ಕೋರಿ" ಎನ್ನುತ್ತಿದ್ದೆ. ಆಲೂಗಡ್ಡೆಯ ಟಿಕ್ಕಿ ಏಡಿಯಾಗುತ್ತಿತ್ತು. ಕಡಲೆಹಿಟ್ಟು ಕಲಸಿ ಕುದಿಸಿದ ಮಜ್ಜಿಗೆ ಸಾರು ಹಾಲಂಡೇಸ್ ಆಗುತ್ತಿತ್ತು. ಪರೀಕ್ಷೆ ಮಾಡಲು ಮೂಡಲಗಿಯಿಂದ ಬರುತ್ತಿದ್ದ ಹಿರಿಯರೊಬ್ಬರು ಎರಡು ತಟ್ಟೆ ತಿಂದು, ಸ್ವಲ್ಪ ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡು, ಎಲ್ಲರಿಗೂ ಫಸ್ಟ್ ಕ್ಲಾಸ್ ಕೊಟ್ಟು ಹೋಗುತ್ತಿದ್ದರು. 'ಮೊಟ್ಟೆ ಮತ್ತು ಸಮುದ್ರಾಹಾರ: ಪ್ರಾಕ್ಟಿಕಲ್ ತರಬೇತಿ ಪೂರ್ಣ' ಎಂದು ಬರೆದ ಸರ್ಟಿಫಿಕೇಟಿನ ಕೆಳಗೆ ನಾನು ಸಹಿ ಮಾಡುತ್ತಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಬ್ಬರನ್ನೂ ಫೇಲ್ ಮಾಡಲಿಲ್ಲ. ಒಳ್ಳೆಯ ಮಾಸ್ತರ ಎಂದು ಹೆಸರು ಬಂತು.

ಹಾಗೆ ಪಾಸಾದವರಲ್ಲಿ ಒಬ್ಬ ನಾಗನೂರಿನ ಮಲ್ಲೇಶ. ಈಗ ಐರ್ಲೆಂಡಿನ ಕಾರ್ಕ್ ಸೀಮೆಯ ಒಂದು ಬಂದರು ಊರಿನಲ್ಲಿ ಹೋಟೆಲಿನ ಅಡುಗೆಯವನು. ನಾನು ನಿವೃತ್ತನಾದ ಸುದ್ದಿ ಕೇಳಿ ಫೋನ್ ಮಾಡಿದ. "ಸರ್, ನಾ ಏನ್ ಮಾಡಾಕತ್ತೇನಿ ಅಂತ ನೀವು ಒಮ್ಮೆ ಬಂದು ನೋಡಾಕ ಬೇಕ್ರಿ," ಎಂದು ಹಟ ಹಿಡಿದು ಟಿಕೆಟ್ಟನ್ನೂ ಕಳಿಸಿಬಿಟ್ಟ.

ಊರೆಲ್ಲ ಹೊಗಳಿತು. ನನ್ನ ಹೆಂಡತಿ ಮಾತ್ರ ಚೀಲಕ್ಕೆ ಜೋಳದ ಹಿಟ್ಟು ಕಟ್ಟುತ್ತಾ, "ಅಲ್ರೀ, ಮನ್ಯಾಗ ಒಂದ್ ಕಪ್ ಚಾ ಮಾಡಾಕ ಬರೂದಿಲ್ಲ ನಿಮಗ. ಅಲ್ಲಿ ಹೋಗಿ ಅಡಗಿ ಗುರುಗಳು ಅಂತ ಕುಂದರ್ತೀರಿ?" ಎಂದಳು. ಮೂವತ್ತು ವರ್ಷ ಜೊತೆಗಿದ್ದವರಿಗೆ ನಮ್ಮ ಬಗ್ಗೆ ಗೌರವ ಉಳಿಯುವುದು ಕಷ್ಟ ಎಂದುಕೊಂಡು ಚೀಲದ ಬಾಯಿ ಕಟ್ಟಿದೆ.

ಶುಕ್ರವಾರ: ಕಾರ್ಕ್

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ಶಿಷ್ಯನನ್ನು ನೋಡಲು ಎಂದೆ. ಏನು ಕಲಿಸಿದಿರಿ ಎಂದ. ಸುಮ್ಮನೆ 'ಅಡುಗೆ' ಎಂದಿದ್ದರೆ ಮುಗಿಯುತ್ತಿತ್ತು. ನಾನು ದೊಡ್ಡಸ್ತಿಕೆಯಿಂದ "ಮೊಟ್ಟೆ, ಸಾಸ್, ಸಮುದ್ರಾಹಾರ" ಎಂದೆ. ಅವನು ಮುಖ ಅರಳಿಸಿ, ತನ್ನ ಮನೆಯಲ್ಲಿ ಹಾಲಂಡೇಸ್ ಪ್ರತಿ ಸಲ ಒಡೆಯುತ್ತದೆ, ಯಾಕಿರಬಹುದು ಎಂದು ಕೇಳಬೇಕೆ! ನಾನು ಐದೂ ಕಾರಣಗಳನ್ನು ನಂಬರು ಹಾಕಿ ಹೇಳಿದೆ. ಅವನು ಒಂದು ಚೀಟಿಯಲ್ಲಿ ಬರೆದುಕೊಂಡ. ನನ್ನ ಹಿಂದೆ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ, ಅವರಲ್ಲಿ ಒಬ್ಬಾಕೆ ನಾಲ್ಕನೆಯದನ್ನು ಇನ್ನೊಮ್ಮೆ ಹೇಳಿ ಎಂದಳು. ನಮ್ಮ ಹುಕ್ಕೇರಿಯ ಕಚೇರಿಯಲ್ಲಿ ಸಾಲು ಹೀಗೆ ನಿಂತಿದ್ದರೆ ನನ್ನನ್ನು ಎತ್ತಿ ಹೊರಗಿಡುತ್ತಿದ್ದರು.

ಹೊರಗೆ ಬಂದರೆ ಮಲ್ಲೇಶ. ಕೆಂಪಗಾಗಿದ್ದಾನೆ, ತೋಳು ದಪ್ಪ ಆಗಿವೆ. ನೋಡಿದವನೇ ಅಷ್ಟು ಜನರ ನಡುವೆ ಬಗ್ಗಿ ನನ್ನ ಪಾದ ಮುಟ್ಟಿದ. ಬಾಜೂ ನಿಂತ ಮುದುಕಿಯೊಬ್ಬಳು ಅವನು ನನ್ನ ಬೂಟಿನ ಲೇಸು ಕಟ್ಟುತ್ತಿದ್ದಾನೆಂದು ತಿಳಿದು, ಎಂಥ ಒಳ್ಳೆಯ ಹುಡುಗ ಎಂದು ಅವನ ಬೆನ್ನು ತಟ್ಟಿ ಹೋದಳು.

ಇಲ್ಲಿನ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಒಬ್ಬೊಬ್ಬರಾಗಿ, ಪ್ರತಿಯೊಬ್ಬರೂ. ಅವನು ಪ್ರತಿಯೊಬ್ಬರಿಗೂ ತಿರುಗಿ ಉತ್ತರ ಕೊಡುತ್ತಾನೆ. ನಾನು ಇಪ್ಪತ್ತೆಂಟು ವರ್ಷ ಹುಕ್ಕೇರಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಓಡಾಡಿದವನು. ಬಸ್ಸು ಪೂರಾ ನಿಲ್ಲುವ ಮುಂಚೆ ಹಾರಿ ಇಳಿಯುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ. ಅಭ್ಯಾಸ ಬಲ, ಇಲ್ಲಿಯೂ ಬಾಗಿಲು ತೆರೆದ ಕೂಡಲೇ ನಾಲ್ಕು ಜನರನ್ನು ಸರಿಸಿ ಮೊದಲು ಇಳಿದೆ. ಒಬ್ಬಾತನ ಕಾಲು ತುಳಿದೆ. ತುಳಿಸಿಕೊಂಡವನೇ ನನಗೆ ಸಾರಿ ಎಂದ. ಇಂಥವರ ಜೊತೆ ಜಗಳ ಮಾಡುವುದಾದರೂ ಹೇಗೆ?

ಶನಿವಾರ ಬೆಳಗ್ಗೆ: ಬಂದರು

ಮಲ್ಲೇಶ ನನ್ನನ್ನು ಬಂದರಿಗೆ ಕರೆದೊಯ್ದ. ಬಲೆ ಹೆಣೆದ ಬುಟ್ಟಿಗಳಲ್ಲಿ ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಒಂದೊಂದೂ ನಮ್ಮ ರೊಟ್ಟಿ ತಟ್ಟುವ ಹಲಗೆಯಷ್ಟು ಅಗಲ. ನಾನು ಇಷ್ಟು ವರ್ಷ 'ಏಡಿಯ ಕೊಂಡಿಗಳನ್ನು ಜಾಗ್ರತೆಯಿಂದ ಬೇರ್ಪಡಿಸಿ' ಎಂದು ಬರೆಸುತ್ತಿದ್ದೆ. ಯಾರ ಜಾಗ್ರತೆ ಎಂಬುದು ಈಗ ತಿಳಿಯಿತು. ಎರಡು ಹೆಜ್ಜೆ ಹಿಂದೆ ಸರಿದು ಹಗ್ಗದ ಸುರುಳಿಯ ಮೇಲೆ ಕುಳಿತುಬಿಟ್ಟೆ. ಪ್ಯಾಂಟು ಒದ್ದೆಯಾಯಿತು. ಮೀನುಗಾರನೊಬ್ಬ ಆಕಾಶ ನೋಡಿ ಇವತ್ತು ಹವೆ ಚೆನ್ನಾಗಿದೆ ಎಂದ. ಆಗ ಸಣ್ಣಗೆ ಮಳೆ ಬರುತ್ತಿತ್ತು.

ಅಲ್ಲಿಂದ ಹೋಟೆಲು. ಅಡುಗೆಮನೆಯ ಯಜಮಾನಿ ಮೇವ್. ಅರವತ್ತರ ಸಮೀಪದ ಬಿಳಿ ಕೂದಲಿನ ಹೆಂಗಸು, ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಗೋಡೆಗೆ ಆನಿಕೊಂಡೇ ಎಲ್ಲರನ್ನೂ ನಡುಗಿಸುವ ಜಾತಿ. ಮಲ್ಲೇಶ ನನ್ನನ್ನು ಮುಂದೆ ನಿಲ್ಲಿಸಿ, "ಇವರೇ ನನ್ನ ಗುರುಗಳು. ಹಾಲಂಡೇಸ್ ಅಂದರೆ ಏನೆಂದು ನನಗೆ ಮೊದಲು ಹೇಳಿದವರು ಇವರೇ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಸುಳ್ಳಲ್ಲ. ಹೇಳಿದ್ದು ನಾನೇ.

ಮೇವ್ ಕೈ ಕುಲುಕಿ ವಿಷಯಕ್ಕೆ ಬಂದಳು. ಅವಳ ಬೆನ್ನು ಇನ್ನು ತಡೆಯುವುದಿಲ್ಲ. ಭಾನುವಾರದ ಬ್ರಂಚನ್ನು ಯಾರಿಗಾದರೂ ಒಪ್ಪಿಸಬೇಕು. ನಾಳೆ ಮಲ್ಲೇಶ, ತಟ್ಟೆಗಳನ್ನು ಹೊರಗೆ ಕಳಿಸುವ ಮುನ್ನ ಇಡುವ ಕಟ್ಟೆಯ ಹತ್ತಿರ ನಿಲ್ಲುತ್ತಾನೆ. ಯಾವ ತಟ್ಟೆ ಹೊರಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಹೇಳುವವನು ಅವನೇ. ಸರಿಹೋದರೆ ಬ್ರಂಚ್ ಅವನದು, ಇಲ್ಲವಾದರೆ ಹೊರಗಿನಿಂದ ಯಾರನ್ನಾದರೂ ತರುತ್ತಾಳೆ.

"ನೀವು ಇರುವುದು ಒಳ್ಳೆಯದೇ ಆಯಿತು," ಎಂದಳು ನನಗೆ. "ನಾಳೆ ನೀವೂ ಒಂದು ತಟ್ಟೆ ಮಾಡಿ. ಏಡಿ, ಮೊಟ್ಟೆ, ಹಾಲಂಡೇಸ್. ಅವನ ಗುರುವಿನ ಕೈ ನೋಡಬೇಕು ನಾನು."

ನಾನು ಗೋಣು ಆಡಿಸಿದೆ. ನಮ್ಮ ಗೋಣು ಆಡಿಸುವ ರೀತಿ ಈ ಜನರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ ಎಂಬ ಒಂದೇ ಧೈರ್ಯ. ಅವಳಿಗೆ ಹೌದೆಂದೇ ತಿಳಿಯಿತು.

ಶನಿವಾರ ಮಧ್ಯಾಹ್ನ: ಮಲ್ಲೇಶನ ಕೋಣೆ

ನಾನು ತಂದ ಹಿಟ್ಟಿನಲ್ಲಿ ಮಲ್ಲೇಶ ರೊಟ್ಟಿ ಬಡಿದ. ಅವನು ಬಡಿಯುತ್ತಿದ್ದ, ನಾನು ಖುರ್ಚಿಯಲ್ಲಿ ಕುಳಿತು ಇನ್ನಷ್ಟು ತೆಳ್ಳಗಾಗಲಿ ಎನ್ನುತ್ತಿದ್ದೆ. ನಮ್ಮ ಗುರು ಶಿಷ್ಯ ಸಂಬಂಧ ಮೊದಲಿನಿಂದಲೂ ಹೀಗೆಯೇ.

"ಮಲ್ಲೇಶ, ನನಗ ಯಾಕೋ ಬೆನ್ನು ಹಿಡದೈತಿ," ಎಂದೆ.

"ನಿಮಗೂ ಏನ್ರಿ?" ಎಂದ ಅವನು. ಒಂದು ಅಡುಗೆಮನೆಯಲ್ಲಿ ಎರಡು ಬೆನ್ನುನೋವಿಗೆ ಜಾಗ ಸಾಲದು ಎಂದು ಅವನ ಮುಖ ಹೇಳಿತು.

"ನಾಳೆ ನಾ ಬರೂದು ಬ್ಯಾಡ ಬಿಡು. ನಿನ್ನ ಕೆಲಸಕ್ಕ ಅಡ್ಡ ಆಗ್ತದ."

ಅವನು ರೊಟ್ಟಿ ತಿರುವಿ ಹಾಕಿ, ಕೈ ಒರೆಸಿಕೊಂಡು ಫೋನ್ ತೋರಿಸಿದ. ನಾಗನೂರಿನ ಮನೆಯ ಕಟ್ಟೆಯ ಮೇಲೆ ಎರಡು ವರ್ಷದ ಮಗಳು, ಕೈಯಲ್ಲಿ ಕಬ್ಬಿನ ತುಂಡು. ಅವಳು ಹುಟ್ಟಿದ ಮೇಲೆ ಅವನು ಒಮ್ಮೆ ಮಾತ್ರ ಊರಿಗೆ ಹೋಗಿದ್ದಾನೆ.

"ನಾಳೆ ಬ್ರಂಚ್ ನನ್ನ ಕೈಗೆ ಬಂತಂದ್ರ ನನ್ನ ಕೆಲಸದ ದರ್ಜಾ ಬದಲಾಗ್ತೈತ್ರಿ. ಹೆಂಡ್ತಿನ, ಮಗಳ್ನ ಇಲ್ಲಿಗೆ ಕರಸ್ಕೋಬಹುದು. ನಾಕು ವರ್ಷ ಆತ್ರಿ ಸರ್, ಇದಕ್ಕ ಕಾಯಾಕತ್ತು. ಮೊದಲನೇ ವರ್ಷ ಬರೀ ಭಾಂಡಿ ತಿಕ್ಕೇನಿ," ಎಂದ. "ನೀವು ಬಾಜೂ ನಿಂತ್ರ ಸಾಕು, ನನಗ ಧೈರ್ಯ."

ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. ನಾಳೆ ನನ್ನ ಕೈ ನೋಡಿದರೆ ನನಗೆ ಏನೂ ಬರುವುದಿಲ್ಲ ಎಂದು ಮೇವ್‌ಗೆ ತಿಳಿಯುತ್ತದೆ. ನನ್ನ ಸಹಿಯ ಸರ್ಟಿಫಿಕೇಟು ಕಡಬು ಬೇಯಿಸಿದ್ದಕ್ಕೆ ಕೊಟ್ಟದ್ದೆಂದು ತಿಳಿಯುತ್ತದೆ. ಅದನ್ನು ತೋರಿಸಿ ಕೆಲಸ ಹಿಡಿದ ಇವನನ್ನು ಅವಳು ನಂಬುವುದು ಹೇಗೆ? ಆ ಮಗು ನಾಗನೂರಿನ ಕಟ್ಟೆಯ ಮೇಲೆಯೇ ಉಳಿಯುತ್ತದೆ. ಮೂಡಲಗಿಯ ಆ ಹಿರಿಯರು ನೆನಪಾದರು. ಅವರು ಎರಡು ತಟ್ಟೆ ತಿಂದು ಕೈ ತೊಳೆದುಕೊಂಡು ಹೋದರು. ನಾನು ಮಾತ್ರ ಇಲ್ಲಿ ಸಿಕ್ಕಿಬಿದ್ದೆ.

ಭಾನುವಾರ: ಅಡುಗೆಮನೆ

ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಮೇವ್‌ಳನ್ನು ಒಂದು ಮೂಲೆಗೆ ಕರೆದೆ. ನಾಚಿಕೆಯನ್ನು ನುಂಗಿ ಎಲ್ಲವನ್ನೂ ಹೇಳಿಬಿಟ್ಟೆ. ನಾನು ಮೊಟ್ಟೆ ಮುಟ್ಟಿದವನಲ್ಲ, ಏಡಿಯನ್ನು ನಿನ್ನೆ ಮೊದಲು ನೋಡಿದ್ದು, ಪ್ರಾಕ್ಟಿಕಲ್ ಮಾಡಿಸಿದ್ದು ಹಿಟ್ಟಿನಲ್ಲಿ, ಸರ್ಟಿಫಿಕೇಟಿನ ಸುಳ್ಳು ನನ್ನದು, ಅವನದಲ್ಲ, ಅವನನ್ನು ಅದಕ್ಕಾಗಿ ಕೈಬಿಡಬೇಡಿ ಎಂದೆ.

ಅವಳು ನನ್ನನ್ನೇ ನೋಡಿದಳು. "ಯಾವ ಸರ್ಟಿಫಿಕೇಟು?" ಎಂದಳು.

ಅವಳು ಅದನ್ನು ಓದಿಯೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಅಷ್ಟು ಸುಂದರವಾಗಿ ಸಹಿ ಮಾಡಿದ್ದೆ, ಒಬ್ಬರಾದರೂ ಓದಬೇಡವೇ!

"ಪಾತ್ರೆ ತೊಳೆಯುವ ಕೆಲಸಕ್ಕೆ ಬಂದವನಿಗೆ ಯಾರು ಕಾಗದ ಕೇಳುತ್ತಾರೆ?" ಎಂದಳು ಮೇವ್. "ಒಂದು ದಿನ ಮೊಟ್ಟೆ ಒಡೆಯಲು ಕೊಟ್ಟೆ. ಒಂದು ಟ್ರೇ ಹಾಳುಮಾಡಿದ. ಅವನು ಕಲಿತುಬಂದ ಸಾಲೆ ಎಂಥದ್ದೆಂದು ಅವತ್ತೇ ತಿಳಿಯಿತು. ಸಾಸ್ ಒಡೆದಾಗಲೆಲ್ಲ ಬಾಯಲ್ಲಿ ಏನೋ ಮಂತ್ರ ಹೇಳಿಕೊಳ್ಳುತ್ತಿದ್ದ. ಕೇಳಿದರೆ, ಐದು ಕಾರಣ ಎಂದ. ಒಂದೊಂದನ್ನೇ ಹಿಡಿದು ನೋಡಿ, ಎಲ್ಲಿ ತಪ್ಪಿತೆಂದು ಹುಡುಕುತ್ತಿದ್ದ. ಹಾಗೇ ಕಲಿತ. ಸರಿ, ಏಪ್ರನ್ ಕಟ್ಟಿಕೊಳ್ಳಿ."

"ಇಷ್ಟು ಹೇಳಿದ ಮೇಲೂ ನಾನು ಮಾಡಬೇಕೆ?"

"ಈಗಂತೂ ಮಾಡಲೇಬೇಕು," ಎಂದಳು.

ಹನ್ನೊಂದಕ್ಕೆ ಹೊರಗೆ ಮೇಜುಗಳೆಲ್ಲ ತುಂಬಿದವು. ಮಲ್ಲೇಶ ಕಟ್ಟೆಯ ಹತ್ತಿರ ನಿಂತು ಒಂದೊಂದೇ ತಟ್ಟೆ ನೋಡಿ ಕಳಿಸುತ್ತಿದ್ದ. ಏಡಿಯ ಟಿಕ್ಕಿಗಳನ್ನು ಬೇರೆಯವರು ಕೆಂಪಗೆ ಬೇಯಿಸಿ ಕೊಡುತ್ತಿದ್ದರು. ಸಮುದ್ರದ ವಾಸನೆಗೆ ನಾನು ಬಾಯಿಯಿಂದಲೇ ಉಸಿರಾಡುತ್ತಿದ್ದೆ. ನಾಲ್ಕನೇ ಮೇಜಿನ ಮುದುಕ ದಂಪತಿ ಕೇಳಿದ್ದ ಎರಡು ತಟ್ಟೆಗಳಲ್ಲಿ ಒಂದನ್ನು ಮೇವ್ ನನಗೆ ಒಪ್ಪಿಸಿದಳು.

ಅರವತ್ತು ವರ್ಷ ಮುಟ್ಟದ ಮೊಟ್ಟೆಯನ್ನು ಕೈಗೆತ್ತಿಕೊಂಡೆ. ತಣ್ಣಗಿತ್ತು. ಮನಸ್ಸಿನಲ್ಲೇ ಕ್ಷಮೆ ಕೇಳಿ ಒಡೆದೆ. ಅರ್ಧ ಸಿಪ್ಪೆ ನೀರಿಗೆ ಬಿತ್ತು, ಅರ್ಧ ಮೊಟ್ಟೆ ಬೂಟಿನ ಮೇಲೆ. ಎರಡನೆಯದು ನೀರಿಗೇ ಬಿತ್ತು. 'ನೀರನ್ನು ಸೌಟಿನಿಂದ ಸುಳಿ ತಿರುಗಿಸಿ ನಡುವೆ ಬಿಡಬೇಕು' ಎಂದು ಬರೆಸಿದ್ದೆ, ಬಿಟ್ಟ ಮೇಲೆ ತಿರುಗಿಸಿದೆ. ಬಿಳಿ ಭಾಗ ಹರಿದ ಪಂಚೆಯ ಹಾಗೆ ಪಾತ್ರೆ ತುಂಬ ಓಡಾಡಿತು. ಮೂರನೆಯದು ನಡುವೆ ನಿಂತಿತು. ಅದನ್ನು ಹಾಗೇ ಬಿಟ್ಟು ಸಾಸಿಗೆ ಕೈ ಹಾಕಿದೆ. ತಂತಿಯ ಕಡಗೋಲಿನಿಂದ ಹಳದಿಯನ್ನು ಕಡೆಯುತ್ತಾ ಬೆಣ್ಣೆ ಸುರಿದೆ. ಹನಿಹನಿಯಾಗಿ ಎಂದರೆ ಎಷ್ಟು ಸಣ್ಣ ಹನಿ ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ತೋಳು ಸೋತು ಕೈ ಬದಲಿಸಿದೆ. ಅಷ್ಟರಲ್ಲಿ ಸಾಸು ಕೆಟ್ಟ ಹಾಲಿನ ಹಾಗೆ ಕಾಳುಕಾಳಾಯಿತು. ಎರಡನೆಯ ಕಾರಣವೋ ನಾಲ್ಕನೆಯದೋ ಎಂದು ನಾನು ಯೋಚಿಸುತ್ತಿದ್ದಂತೆ ಒಂದನೆಯದೂ ಸೇರಿಕೊಂಡಿತು, ಏಕೆಂದರೆ ಉರಿ ಸಣ್ಣ ಮಾಡಲು ಮರೆತಿದ್ದೆ.

ಆದರೂ ಖರೆ ಹೇಳುತ್ತೇನೆ, ತಟ್ಟೆಯಲ್ಲಿ ಜೋಡಿಸಿದ ಮೇಲೆ ಅದು ಅಷ್ಟೇನೂ ಕೆಟ್ಟದ್ದಾಗಿ ಕಾಣಲಿಲ್ಲ. ಕೆಳಗೆ ದುಂಡನೆಯ ಬ್ರೆಡ್ಡು, ಅದರ ಮೇಲೆ ಟಿಕ್ಕಿ, ಮೇಲೆ ಮೊಟ್ಟೆ, ಎಲ್ಲವನ್ನೂ ಮುಚ್ಚುವಷ್ಟು ಸಾಸು. ಒಂದು ಸೊಪ್ಪಿನ ಎಸಳು ಇಟ್ಟೆ. ಮೂಡಲಗಿಯ ಹಿರಿಯರಾಗಿದ್ದರೆ ಫಸ್ಟ್ ಕ್ಲಾಸ್ ಖಂಡಿತ. ತಟ್ಟೆ ಹಿಡಿದು ಕಟ್ಟೆಯ ಮೇಲೆ, ಮಲ್ಲೇಶನ ಮುಂದೆ ಇಟ್ಟೆ.

ಮೇವ್ ಗೋಡೆಗೆ ಆನಿಕೊಂಡು ನಿಂತಿದ್ದಳು. ಅವಳು ನನ್ನ ತಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಮಲ್ಲೇಶನ ಮುಖವನ್ನು ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು. ಅವಳಿಗೆ ಬೇಕಾಗಿದ್ದದ್ದು ನನ್ನ ಕೈ ಅಲ್ಲ. ತಾನು ಪಾದ ಮುಟ್ಟುವ ಗುರುವೇ ಒಂದು ಕೆಟ್ಟ ತಟ್ಟೆ ಮುಂದಿಟ್ಟರೆ ಇವನು ಏನು ಮಾಡುತ್ತಾನೆ ಎಂಬುದು. ಕಳಿಸಿದರೆ ಬ್ರಂಚ್ ಹೋಯಿತು. ನಾನು ಮನಸ್ಸಿನಲ್ಲಿ ಕೂಗಿಕೊಂಡೆ, ಕಳಿಸಬ್ಯಾಡೋ ಮಾರಾಯಾ, ಕಳಿಸಬ್ಯಾಡ. ಸುಳ್ಳು ಯಾಕೆ, ಒಳಗೆ ಎಲ್ಲೋ ಅವನು ಕಳಿಸಲಿ ಎಂತಲೂ ಅನ್ನಿಸುತ್ತಿತ್ತು.

ಮಲ್ಲೇಶ ಬೆರಳಿನಿಂದ ಮೊಟ್ಟೆಯನ್ನು ಒತ್ತಿದ. ಕಲ್ಲು. ಚಮಚದ ತುದಿಯಲ್ಲಿ ಸಾಸ್ ತೆಗೆದು ನಾಲಗೆಗೆ ಹಚ್ಚಿದ. ನನ್ನ ಕಡೆ ನೋಡಿದ. ಕಣ್ಣು ಕೆಂಪಗಾಗಿದ್ದವು.

"ಸರ್, ಇದು ಹೋಗೂದಿಲ್ರಿ," ಎಂದ.

ಗೊತ್ತಿದ್ದೂ ನನಗೆ ಸಿಟ್ಟು ಬಂತು. ಅಷ್ಟು ಜನರ ಮುಂದೆ! "ಯಾಕ ಹೋಗೂದಿಲ್ಲ?" ಎಂದೆ, ಪಕ್ಕಾ ಮಾಸ್ತರನ ಧ್ವನಿಯಲ್ಲಿ.

"ತತ್ತಿ ಗಟ್ಟಿ ಆಗೈತ್ರಿ. ಸಾಸ್ ಒಡದೈತಿ. ಉಪ್ಪಿಲ್ಲ, ಹುಳಿ ಇಲ್ಲ. ಸಿಪ್ಪಿ ಚೂರು ಬಂದೈತಿ. ಅವರು ರೊಕ್ಕ ಕೊಟ್ಟು ಉಣ್ಣಾಕ ಬಂದವರ್ರಿ ಸರ್. ನಾ ಇದನ್ನ ಅವರ ಮುಂದ ಇಡಾಕ ಆಗೂದಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ."

ತಟ್ಟೆ ಎತ್ತಿ ಕಸದ ಡಬ್ಬಿಗೆ ಬೋರಲು ಹಾಕಿದ. ಆ ಕ್ಷಣ ನನಗೆ ಅವಮಾನವಾಯಿತು, ಅಳು ಬಂತು, ಆಮೇಲೆ ಇಷ್ಟು ವರ್ಷದಲ್ಲಿ ಎಂದೂ ಬಾರದಷ್ಟು ಸಂತೋಷವಾಯಿತು. ಇವನ ಒಂದು ತಟ್ಟೆಯನ್ನಾದರೂ ಗೋಕಾಕದಲ್ಲಿ ನಾನು ಹೀಗೆ ಚೆಲ್ಲಿದ್ದರೆ ಇವನು ಒಂದು ವರ್ಷ ಭಾಂಡೆ ತಿಕ್ಕಬೇಕಿರಲಿಲ್ಲ.

"ಮುಂದಿನ ಭಾನುವಾರದ ಅಡುಗೆ ಪಟ್ಟಿಯನ್ನು ನೀನೇ ಬರೆ," ಎಂದಳು ಮೇವ್, ಏನೂ ಆಗದವಳ ಹಾಗೆ. ಖುರ್ಚಿ ಎಳೆದುಕೊಂಡು, ಬೆನ್ನು ಹಿಡಿದುಕೊಂಡು ಕುಳಿತಳು.

ಮಲ್ಲೇಶ ಆಗಲೇ ಒಲೆಯ ಕಡೆ ತಿರುಗಿದ್ದ. ಮುದುಕ ದಂಪತಿ ಕಾಯುತ್ತಿದ್ದರು. ಅವರ ತಟ್ಟೆಯನ್ನು ತಾನೇ ಮಾಡಿದ. ಉರಿ ಸಣ್ಣ, ಬೆಣ್ಣೆ ದಾರದಷ್ಟು ತೆಳ್ಳಗೆ, ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಹಾಲಂಡೇಸ್ ಅಂದರೆ ಏನೆಂದು ನಾನು ಅವತ್ತು ಕಂಡೆ. ಅರಿಶಿನ ಬೆರೆತ ಕೆನೆಯ ಬಣ್ಣ. ತಟ್ಟೆ ಹೊರಗೆ ಹೋಯಿತು.

ಆಮೇಲೆ ಅವನು ತೋಳಿನಿಂದ ಮುಖ ಒರೆಸಿಕೊಂಡು, ಮೊಟ್ಟೆಯ ಟ್ರೇ ತಂದು ನನ್ನ ಮುಂದೆ ಇಟ್ಟ.

"ಇನ್ನೊಮ್ಮೆ ಮಾಡ್ರಿ ಸರ್."

"ಅದೂ ಕೆಟ್ರ?"

"ಮತ್ತೊಮ್ಮೆ ಮಾಡ್ರಿ. ನಾ ಇಲ್ಲೇ ಬಾಜೂ ನಿಂತಿರ್ತೇನಿ."

ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದರೂ ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಉರಿ ಸಣ್ಣ ಮಾಡಿ, ಮೊಟ್ಟೆ ಒಡೆದೆ.